ಲಾರಿಯ ಮೂತಿ ಮತ್ತು ಒಂದು ಕೆಂಪು ಬಕೆಟ್

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಭಾರಿ ಲಾರಿಗಳ ಬಗ್ಗೆ ಒಂದು ಲೇಖನ ಬಂದಿತ್ತು. ಅಕ್ಕಪಕ್ಕ ಎರಡು ಚಿತ್ರ ಹಾಕಿದ್ದಿರಿ. ಒಂದರಲ್ಲಿ ಎಂಜಿನ್ ಮುಂದೆ, ಕ್ಯಾಬಿನ್ ಹಿಂದೆ ಇರುವ ಉದ್ದ ಮೂತಿಯ ಲಾರಿ. ಇನ್ನೊಂದರಲ್ಲಿ ಎಂಜಿನ್ ಮೇಲೆಯೇ ಕ್ಯಾಬಿನ್ ಕೂತಿರುವ ಚಪ್ಪಟೆ ಮುಖದ ಲಾರಿ. ಉದ್ದ ಮೂತಿಯದು ಸುರಕ್ಷಿತ, ಚಪ್ಪಟೆ ಮುಖದ್ದು ಜಾಗ ಉಳಿಸಲು ಮಾಡಿಕೊಂಡ ರಾಜಿ ಅಂತ ಲೇಖಕರು ತೀರ್ಮಾನವನ್ನೂ ಕೊಟ್ಟುಬಿಟ್ಟಿದ್ದರು. ಓದಿ ಸುಮ್ನೆ ಇರೋಕೆ ಆಗಲಿಲ್ಲ. ಪತ್ರ ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನಾನು 27 ವರ್ಷ ಲಾರಿ ಓಡಿಸಿದವನು. ಮೊದಲ 11 ವರ್ಷ ಉದ್ದ ಮೂತಿಯದು, ಆಮೇಲೆ 16 ವರ್ಷ ಚಪ್ಪಟೆ ಮುಖದ್ದು. ಈಗ ಆರು ವರ್ಷದಿಂದ ಹೊಸ ಹುಡುಗರಿಗೆ ಭಾರಿ ವಾಹನ ಕಲಿಸುತ್ತಿದ್ದೇನೆ. ಎರಡೂ ಬಗೆಯ ಲಾರಿ ನನಗೆ ಅನ್ನ ಕೊಟ್ಟಿವೆ. ಯಾವುದರ ಮೇಲೂ ನನಗೆ ದ್ವೇಷ ಇಲ್ಲ. ಆದರೆ ಲೇಖನದಲ್ಲಿ ಸೀಟಿನ ಮೇಲೆ ಕೂತವನ ಕಣ್ಣಿಗೆ ಏನು ಕಾಣುತ್ತದೆ ಅನ್ನೋ ಮಾತೇ ಇರಲಿಲ್ಲ. ಅದನ್ನು ಬಿಟ್ಟು ಲಾರಿಯ ಸುರಕ್ಷತೆ ಬಗ್ಗೆ ಹೇಗೆ ಮಾತಾಡುವುದು?

ನಮ್ಮ ತರಬೇತಿ ಅಂಗಳದಲ್ಲಿ ಎರಡೂ ಬಗೆಯ ಗಾಡಿ ನಿಂತಿವೆ. ಹೊಸಬರು ಬಂದ ಮೊದಲ ದಿನ ನಾನು ಕೀಲಿ ಕೊಡುವುದಿಲ್ಲ. ಒಬ್ಬನನ್ನು ಸೀಟಿನಲ್ಲಿ ಕೂರಿಸುತ್ತೇನೆ. ಇನ್ನೊಬ್ಬನ ಕೈಗೆ ಒಂದು ಕೆಂಪು ಬಕೆಟ್ ಕೊಟ್ಟು ಬಂಪರಿಗೆ ತಾಗಿಸಿ ಇಡಲು ಹೇಳುತ್ತೇನೆ. ‘ಬಕೆಟ್ ಕಾಣುತ್ತಾ?’ ಅಂತ ಕೂಗುತ್ತೇನೆ. ‘ಇಲ್ಲ ಸರ್’ ಅಂತ ಮೇಲಿನಿಂದ ಉತ್ತರ ಬರುತ್ತದೆ. ಬಕೆಟನ್ನು ಒಂದು ಹೆಜ್ಜೆ ಮುಂದೆ ಇಡಿಸುತ್ತೇನೆ. ಮತ್ತೆ ಕೇಳುತ್ತೇನೆ. ಚಪ್ಪಟೆ ಮುಖದ ಲಾರಿಯಲ್ಲಿ ಒಂದೂವರೆ ಹೆಜ್ಜೆಗೆ ಬಕೆಟ್ಟಿನ ಅಂಚು ಕಾಣಲು ಶುರುವಾಗುತ್ತದೆ. ಉದ್ದ ಮೂತಿಯದರಲ್ಲಿ ಎರಡು, ಮೂರು, ನಾಲ್ಕು ಹೆಜ್ಜೆ ಹೋದರೂ ‘ಇಲ್ಲ ಸರ್’. ಏಳನೇ ಹೆಜ್ಜೆಯಲ್ಲಿ ಕೆಂಪು ಬಣ್ಣ ಬಾನೆಟ್ಟಿನ ಆಚೆ ಇಣುಕುತ್ತದೆ. ಸೀಟಿನಲ್ಲಿ ಇದ್ದವನು ಆಮೇಲೆ ಕೆಳಗಿಳಿದು ಬಂದು ಆ ಏಳು ಹೆಜ್ಜೆಯನ್ನು ತಾನೇ ನಡೆದು ನೋಡುತ್ತಾನೆ. ಆಗ ಅವನ ಮುಖ ನೋಡಬೇಕು. ಬಕೆಟ್ಟಿನ ಎತ್ತರಕ್ಕೆ ಬಗ್ಗಿ ಚಪ್ಪಲಿ ಎತ್ತಿಕೊಳ್ಳುವ ಒಂದು ಮಗು ಅಲ್ಲಿ ಇರಬಹುದಲ್ವಾ? ಈ ಮಾತನ್ನು ನಾನು ಹೇಳಬೇಕಾಗಿಯೇ ಬರುವುದಿಲ್ಲ, ಅವನಿಗೇ ಹೊಳೆಯುತ್ತದೆ.

ಇದು ನನ್ನ ಅಂಗಳದ ಲೆಕ್ಕ ಮಾತ್ರ ಅಲ್ಲ. ಉದ್ದ ಮೂತಿಯ ಲಾರಿಗಳೇ ಜಾಸ್ತಿ ಇರುವ ಅಮೆರಿಕದಲ್ಲಿ ಅಲ್ಲಿನ ಸರಕಾರವೇ ಕಾರಿನವರಿಗೆ ಎಚ್ಚರಿಕೆ ಕೊಡುತ್ತದೆ. ದೊಡ್ಡ ಲಾರಿಯ ಮುಂದೆ 20 ಅಡಿ, ಹಿಂದೆ 30 ಅಡಿ ಚಾಲಕನಿಗೆ ಕಾಣದ ಜಾಗ ಅಂತ. 20 ಅಡಿ ಅಂದರೆ ಒಂದು ಇಡೀ ಕಾರು ನಿಲ್ಲುವ ಜಾಗ.

ಹಾಗಾದರೆ ಇಂಥ ಮೂತಿ ಯಾಕೆ ಬಂತು? ಎಂಜಿನಿಯರುಗಳು ಕೂತು ಯೋಚನೆ ಮಾಡಿ, ಚಾಲಕನಿಗೆ ಇದೇ ಒಳ್ಳೆಯದು ಅಂತ ಆರಿಸಿದ್ದಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಲಾರಿಯ ಮುಖವನ್ನು ತಿದ್ದಿದ್ದು ಕಾನೂನಿನ ಅಳತೆ ಪಟ್ಟಿ. ಪಟ್ಟಿಯನ್ನು ಎಲ್ಲಿಂದ ಎಲ್ಲಿಗೆ ಹಿಡಿಯುತ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಅಮೆರಿಕದಲ್ಲಿ ಹಿಂದೆ ಒಂದೊಂದು ರಾಜ್ಯವೂ ಮುಂದಿನ ಟ್ರ್ಯಾಕ್ಟರು (ಎಂಜಿನ್, ಕ್ಯಾಬಿನ್ ಇರುವ ಎಳೆಯುವ ಭಾಗ), ಹಿಂದಿನ ಟ್ರೈಲರು (ಸರಕು ಹೊರುವ ಭಾಗ) ಎರಡೂ ಸೇರಿ ಇಷ್ಟೇ ಉದ್ದ ಇರಬೇಕು ಅಂತ ಮಿತಿ ಹಾಕಿತ್ತು. ಹಲವು ಕಡೆ 55 ಅಡಿ, ಕೆಲವು ಕಡೆ 65 ಅಡಿ. ಒಟ್ಟು ಉದ್ದವೇ ಲೆಕ್ಕ ಅಂದ ಮೇಲೆ ಮಾಲೀಕ ಏನು ಮಾಡುತ್ತಾನೆ? ಮುಂದೆ ಉಳಿಸಿದ ಪ್ರತಿ ಅಡಿಯೂ ಹಿಂದೆ ಸರಕಿಗೆ ಸಿಗುತ್ತದೆ. ಹಾಗಾಗಿ ಮೂತಿಯನ್ನೇ ತೆಗೆದು ಎಂಜಿನ್ನಿನ ಮೇಲೆ ಚಾಲಕನನ್ನು ಕೂರಿಸಿದರು. ಆ ಕಾಲದಲ್ಲಿ ಅಮೆರಿಕದ ಹೆದ್ದಾರಿಗಳಲ್ಲೂ ಚಪ್ಪಟೆ ಮುಖದ ಲಾರಿಗಳೇ ಸಾಲುಗಟ್ಟಿ ಓಡುತ್ತಿದ್ದವು.

1982ರಲ್ಲಿ ಅಲ್ಲಿನ ಸಂಸತ್ತು ಹೊಸ ಸಾರಿಗೆ ಕಾನೂನು ತಂದಿತು. ದೇಶದ ಮುಖ್ಯ ಹೆದ್ದಾರಿಗಳಲ್ಲಿ ಒಟ್ಟು ಉದ್ದಕ್ಕೆ ರಾಜ್ಯಗಳು ಮಿತಿ ಹಾಕುವ ಹಾಗಿಲ್ಲ, ಟ್ರೈಲರ್ 48 ಅಡಿ ಇದ್ದರೂ ಬಿಡಲೇಬೇಕು ಎಂದಾಯಿತು. ಮುಂದೆ 53 ಅಡಿಯ ಟ್ರೈಲರೇ ಅಲ್ಲಿ ಮಾಮೂಲಾಯಿತು. ಅಳತೆ ಪಟ್ಟಿ ಈಗ ಟ್ರೈಲರಿಗೆ ಮಾತ್ರ. ಟ್ರ್ಯಾಕ್ಟರ್ ಎಷ್ಟು ಉದ್ದ ಇದ್ದರೂ ಕೇಳುವವರಿಲ್ಲ. ಜೊತೆಗೆ ಸೇತುವೆಗಳನ್ನು ಕಾಪಾಡಲು ಆಕ್ಸಲ್‌ಗಳು, ಅಂದರೆ ಚಕ್ರಗಳ ಅಚ್ಚುಗಳು, ಒಂದರಿಂದ ಒಂದು ದೂರ ಇದ್ದಷ್ಟೂ ಜಾಸ್ತಿ ತೂಕ ಬಿಡುವ ನಿಯಮ 1974ರಿಂದಲೇ ಇತ್ತು. ಅದೂ ಉದ್ದ ಗಾಡಿಗೇ ಅನುಕೂಲ. ಮೂತಿ ಮತ್ತೆ ಬೆಳೆಯಿತು. ಪೀಟರ್‌ಬಿಲ್ಟ್ 379 ಅನ್ನೋ ಲಾರಿಯ ಉದ್ದ ಮಾದರಿಯಲ್ಲಿ ಬಂಪರಿನಿಂದ ಕ್ಯಾಬಿನ್ನಿನ ಹಿಂಗೋಡೆವರೆಗೆ 127 ಇಂಚು. ಅಂದರೆ ಮೂರು ಮೀಟರಿಗೂ ಜಾಸ್ತಿ. ಮಲಗುವ ಹಾಸಿಗೆ ಅದರ ಹಿಂದೆ, ಈ ಲೆಕ್ಕದ ಹೊರಗೆ. ಯುರೋಪಿನ ಚಪ್ಪಟೆ ಮುಖದ ಲಾರಿಯಲ್ಲಿ ಸೀಟು, ಹಾಸಿಗೆ ಎಲ್ಲ ಸೇರಿದ ಇಡೀ ಕ್ಯಾಬಿನ್ನೇ ಹೆಚ್ಚು ಕಡಿಮೆ 2.3 ಮೀಟರ್. ಫ್ರೈಟ್‌ಲೈನರ್ ಕಂಪನಿ ತನ್ನ ಚಪ್ಪಟೆ ಮುಖದ ಆರ್ಗೋಸಿ ಲಾರಿಯನ್ನು ಅಮೆರಿಕದಲ್ಲಿ ಮಾರುವುದನ್ನು 2006ರಲ್ಲಿ ನಿಲ್ಲಿಸಿತು. ಹೊರದೇಶಗಳಿಗೆ ಮಾತ್ರ ಅದನ್ನು ಆಮೇಲೂ ಕಳಿಸುತ್ತಿತ್ತು.

ಯುರೋಪಿನಲ್ಲಿ ಅಳತೆ ಪಟ್ಟಿ ಬಂಪರಿನಿಂದ ಕೊನೆಯ ದೀಪದವರೆಗೆ. 1996ರ ನಿಯಮದ ಪ್ರಕಾರ ಟ್ರ್ಯಾಕ್ಟರ್-ಟ್ರೈಲರ್ ಸೇರಿ 16.5 ಮೀಟರ್. ಅದರಲ್ಲಿ ಟ್ರೈಲರೇ 13.6 ಮೀಟರ್. ಟ್ರೈಲರಿನ ಸ್ವಲ್ಪ ಭಾಗ ಟ್ರ್ಯಾಕ್ಟರಿನ ಮೇಲೆ ಕೂರುತ್ತದೆ ನಿಜ. ಆದರೂ ಉಳಿದ ಜಾಗದಲ್ಲಿ ಎಂಜಿನ್ನು, ಚಾಲಕ, ಹಾಸಿಗೆ ಎಲ್ಲ ಹಿಡಿಯಬೇಕು. ಅಲ್ಲಿ ಮೂತಿ ಎಲ್ಲಿಂದ ಬರಬೇಕು? ಸ್ಕಾನಿಯಾ ಕಂಪನಿ ತನ್ನ ಮೂತಿ ಇರುವ ಟಿ ಮಾದರಿಯನ್ನು 2005ರಲ್ಲಿ ನಿಲ್ಲಿಸಿತು. ಆಸ್ಟ್ರೇಲಿಯಾ ನೋಡಿ, ಇನ್ನೂ ಸ್ಪಷ್ಟ ಆಗುತ್ತದೆ. ಅಲ್ಲಿ ಎರಡು ಟ್ರೈಲರ್ ಎಳೆಯುವ ಬಿ-ಡಬಲ್ ಗಾಡಿಗೆ ಒಟ್ಟು 26 ಮೀಟರ್ ಮಿತಿ. ಅಷ್ಟರಲ್ಲಿ 34 ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಕೂರಿಸಬೇಕು ಅಂದರೆ ಮುಂದೆ ಜಾಗ ಉಳಿಯುವುದಿಲ್ಲ. ಹಾಗಾಗಿ ಕೆನ್ವರ್ತ್ ಕಂಪನಿ ಅಲ್ಲಿಗೆ ಇವತ್ತಿಗೂ ಚಪ್ಪಟೆ ಮುಖದ ಲಾರಿ ಮಾಡುತ್ತದೆ. ಅದೇ ದೇಶದ ಒಳನಾಡಿನಲ್ಲಿ ಹಲವು ಟ್ರೈಲರ್ ಸಾಲಾಗಿ ಎಳೆಯುವ 53.5 ಮೀಟರಿನ ರೋಡ್ ಟ್ರೇನುಗಳು ಓಡುತ್ತವೆ. ಅಲ್ಲಿ ಉದ್ದದ ಚಿಂತೆ ಇಲ್ಲ, ಉದ್ದ ಮೂತಿಯ ಲಾರಿಗಳೇ ಜಾಸ್ತಿ. ದೇಶ ಒಂದೇ. ನಿಯಮ ಬದಲಾದಲ್ಲಿ ಲಾರಿಯ ಮುಖವೂ ಬದಲಾಯಿತು.

ಹಾಗಾಗಿ ಉದ್ದ ಮೂತಿ ಮುಂದುವರಿದವರದ್ದು, ಚಪ್ಪಟೆ ಮುಖ ಹಿಂದುಳಿದವರದ್ದು ಅನ್ನೋ ಮಾತಿಗೆ ಬುಡವೇ ಇಲ್ಲ.

ಈಗ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ಮುಂದೆ ಎಂಜಿನ್ ಇದ್ದರೆ ಡಿಕ್ಕಿ ಆದಾಗ ಚಾಲಕ ಉಳಿಯುತ್ತಾನೆ ಅಂತ. ಇದರಲ್ಲಿ ಸತ್ಯ ಇದೆ. ನಾನು ಅಲ್ಲಗಳೆಯುವುದಿಲ್ಲ. ಚಪ್ಪಟೆ ಮುಖದ ಲಾರಿಗೆ ಬದಲಾದ ಮೊದಲ ತಿಂಗಳು ಮುಂದಿನ ಗಾಡಿ ಬ್ರೇಕ್ ಹಾಕಿದಾಗೆಲ್ಲ ನನ್ನ ಕಾಲು ತಾನಾಗೇ ಹಿಂದಕ್ಕೆ ಸರಿಯುತ್ತಿತ್ತು. ಮುಂದೆ ಗಾಜು, ತಗಡು, ಬಂಪರು ಅಷ್ಟೇ. ಆದರೆ ಮೂತಿ ಉದ್ದ ಇದ್ದ ಮಾತ್ರಕ್ಕೆ ಕ್ಯಾಬಿನ್ ಗಟ್ಟಿ ಆಗುವುದಿಲ್ಲ. ಚಪ್ಪಟೆ ಮುಖದ ಲಾರಿಗಳೇ ತುಂಬಿರುವ ಯುರೋಪಿನಲ್ಲಿ ಕ್ಯಾಬಿನ್ನಿನ ಗಟ್ಟಿತನಕ್ಕೇ ಬೇರೆ ಪರೀಕ್ಷೆ ಇದೆ. ಕನಿಷ್ಠ 1,500 ಕಿಲೋ ತೂಕದ ಉಕ್ಕಿನ ದಿಮ್ಮಿಯನ್ನು ಉಯ್ಯಾಲೆಯ ಹಾಗೆ ಬೀಸಿ ಕ್ಯಾಬಿನ್ನಿನ ಮುಖಕ್ಕೆ ಬಡಿಯುತ್ತಾರೆ. ಮಾಡಿನ ಮೇಲೂ ಭಾರ ಹೇರುತ್ತಾರೆ. ಇಷ್ಟೆಲ್ಲ ಆದ ಮೇಲೂ ಒಳಗೆ ಚಾಲಕನಿಗೆ ಉಸಿರಾಡುವಷ್ಟು ಜಾಗ ಉಳಿದಿರಬೇಕು. ಇಂಥ ಪರೀಕ್ಷೆ ಪಾಸಾದ ಚಪ್ಪಟೆ ಮುಖಕ್ಕೂ ಸುಮ್ನೆ ತಗಡು ಬಗ್ಗಿಸಿ ಮಾಡಿದ ಉದ್ದ ಮೂತಿಗೂ ಹೋಲಿಕೆ ಮಾಡಿದರೆ ಯಾವುದರಲ್ಲಿ ಕೂರಬೇಕು ಅಂತ ನನಗೆ ಗೊತ್ತು.

ಇನ್ನೊಂದು ವಿಷಯ ಇದೆ. ಎದುರಿನಿಂದ ಗುದ್ದಿ ಮಾತ್ರ ಲಾರಿಯವರು ಸಾಯುವುದಿಲ್ಲ. ಗಾಡಿ ಪಲ್ಟಿ ಆಗಿ ಸಾಯುತ್ತಾರೆ. ಬೆಲ್ಟ್ ಹಾಕದೆ ಹೊರಗೆ ಬಿದ್ದು ಸಾಯುತ್ತಾರೆ. ಹಗ್ಗ ಸರಿಯಾಗಿ ಬಿಗಿಯದ ಕಬ್ಬಿಣದ ಪೈಪುಗಳು ಜೋರು ಬ್ರೇಕಿಗೆ ಹಿಂದಿನಿಂದ ಕ್ಯಾಬಿನ್ನಿಗೆ ನುಗ್ಗಿ ಸಾಯುತ್ತಾರೆ. ಹಿಂದಿನಿಂದ ಬರುವ ಪೈಪಿಗೆ ಮುಂದಿನ ಮೂತಿ ಎಷ್ಟು ಉದ್ದ ಇದ್ದರೇನು? ನನ್ನ ಜೊತೆ ಓಡಿಸುತ್ತಿದ್ದ ಒಬ್ಬ ಗೆಳೆಯನನ್ನು ನಾನು ಹಾಗೇ ಕಳೆದುಕೊಂಡೆ. ಅವನ ಗಾಡಿ ಉದ್ದ ಮೂತಿಯದ್ದು. ಮುಂದೆ ಒಂದು ಗೀರೂ ಬಿದ್ದಿರಲಿಲ್ಲ.

ಇನ್ನು ರಸ್ತೆಯಲ್ಲಿ ನಡೆಯುವವರು, ಸೈಕಲ್ಲಿನವರು. ಅವರ ಲೆಕ್ಕ ಲೇಖನದಲ್ಲಿ ಬರಲೇ ಇಲ್ಲ. ಇಲ್ಲಿ ಚಪ್ಪಟೆ ಮುಖದ ತಪ್ಪನ್ನೂ ಹೇಳಬೇಕು. ಅದರ ಕ್ಯಾಬಿನ್ ತುಂಬಾ ಎತ್ತರ. ಮುಂದಿನ ಬಕೆಟ್ ಬೇಗ ಕಂಡರೂ, ಚಾಲಕನಿಂದ ಆಚೆ ಕಡೆಯ ಬಾಗಿಲಿನ ಪಕ್ಕದಲ್ಲಿ ಸೈಕಲ್ ಹಿಡಿದು ನಿಂತವನು ಕಾಣುವುದಿಲ್ಲ. ಕನ್ನಡಿಗಳು ಬೇಕಾದಷ್ಟಿವೆ. ಮುಂದಿನ ಗಾಜಿನ ಮೇಲ್ತುದಿಯಲ್ಲಿ ನೆಲ ತೋರಿಸುವ ಇನ್ನೊಂದು ಉಬ್ಬು ಕನ್ನಡಿಯೂ ಇದೆ. ಆದರೆ ಆರು ಕನ್ನಡಿ ನೋಡಿ ಮುಗಿಸುವಷ್ಟರಲ್ಲಿ ಮೊದಲನೆಯ ಕನ್ನಡಿಯಲ್ಲಿದ್ದ ಮನುಷ್ಯ ಜಾಗ ಬದಲಾಯಿಸಿರುತ್ತಾನೆ. ಕನ್ನಡಿಯಲ್ಲಿ ಕಾಣುವುದಕ್ಕೂ ಕಣ್ಣಿಗೆ ನೇರ ಕಾಣುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಕಣ್ಣಿಗೆ ಕಣ್ಣು ಕೂಡಿದರೆ ಇಬ್ಬರಿಗೂ ಗೊತ್ತಾಗುತ್ತದೆ. ದಾಟುವವನು ನಿಲ್ಲುತ್ತಾನೆ, ಇಲ್ಲ ನಾನು ನಿಲ್ಲುತ್ತೇನೆ.

ಲಂಡನ್ ನಗರದವರು ಇದನ್ನು ಗಂಭೀರವಾಗಿ ತೆಗೆದುಕೊಂಡರು. 12 ಟನ್ನಿಗಿಂತ ದೊಡ್ಡ ಲಾರಿಗಳಿಗೆ, ಸೀಟಿನಿಂದ ಬರಿಗಣ್ಣಿಗೆ ಎಷ್ಟು ಕಾಣುತ್ತದೆ ಅಂತ ಸೊನ್ನೆಯಿಂದ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿ ತಂದರು. 2021ರ ಮಾರ್ಚಿನಿಂದ ಪರವಾನಗಿ ಇಲ್ಲದೆ ಬಂದರೆ ದಂಡ. 2024ರ ಅಕ್ಟೋಬರಿನಿಂದ ಕನಿಷ್ಠ ಮೂರು ನಕ್ಷತ್ರ ಬೇಕು. ಇಲ್ಲದಿದ್ದರೆ ಕ್ಯಾಮೆರಾ, ಸೆನ್ಸರ್‌ಗಳನ್ನು ಹಾಕಿಸಲೇಬೇಕು. ಅಲ್ಲಿ ಸೊನ್ನೆ ನಕ್ಷತ್ರ ಬಂದ ಲಾರಿಗಳಲ್ಲಿ ಎತ್ತರದ ಚಪ್ಪಟೆ ಮುಖದವೂ ಇದ್ದವು. ಅಂದರೆ ಮೂತಿ ತೆಗೆದರೆ ಸಾಲದು. ಕ್ಯಾಬಿನ್ನನ್ನು ತಗ್ಗಿಸಬೇಕು, ಕೆಳಗಿನವರೆಗೂ ಗಾಜು ಕೊಡಬೇಕು. ಊರೊಳಗೆ ಕಸ ಎತ್ತುವ ಲಾರಿಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಮರ್ಸಿಡಿಸ್ ಎಕೋನಿಕ್ ಅಂಥದ್ದೇ ಒಂದು. ಬಸ್ಸು ಹತ್ತಿದ ಹಾಗೆ ಹತ್ತಬಹುದು. ದಾರಿಹೋಕರ ಮುಖ ಹೆಚ್ಚು ಕಡಿಮೆ ಚಾಲಕನ ಮಟ್ಟಕ್ಕೇ ಬರುತ್ತದೆ. ಉದ್ದ ಮೂತಿಯ ದೇಶ ಅನ್ನಿಸಿಕೊಂಡ ಅಮೆರಿಕದಲ್ಲೂ ಗಲ್ಲಿ ಗಲ್ಲಿ ಸುತ್ತುವ ಕಸದ ಲಾರಿಗಳಲ್ಲಿ ಬಹಳಷ್ಟು ಚಪ್ಪಟೆ ಮುಖದವೇ. ಕಿರಿದಾದ ಜಾಗದಲ್ಲಿ ತಿರುಗಬೇಕು, ಮುಂದಿನ ನೆಲ ಕಾಣಬೇಕು ಅಂದಾಗ ಅವರೂ ಇದನ್ನೇ ಆರಿಸಿಕೊಂಡರು.

ತಿರುಗುವ ಮಾತು ಬಂತು. ಯುರೋಪಿನ ಎರಡು ಆಕ್ಸಲ್ಲಿನ ಟ್ರ್ಯಾಕ್ಟರಿಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಸುಮಾರು 3.8 ಮೀಟರ್. ಅಮೆರಿಕದ ಮೂತಿ ಲಾರಿಗೆ ಮಲಗುವ ಕೋಣೆಯೂ ಸೇರಿದರೆ ಅದು ಆರು ಮೀಟರ್ ಆಸುಪಾಸು. ಕಿರಿದಾದ ಗೇಟಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವವನಿಗೆ ಆ ಎರಡು ಮೀಟರ್ ಏನು ಅಂತ ಗೊತ್ತು. ಆದರೆ ಚಪ್ಪಟೆ ಮುಖದ ಗಾಡಿಗೂ ಒಂದು ಕೈಚಳಕ ಬೇಕು. ಅದರಲ್ಲಿ ನೀವು ಮುಂದಿನ ಚಕ್ರದ ಮೇಲೆ, ಇಲ್ಲಾ ಚಕ್ರಕ್ಕಿಂತ ಮುಂದೆ ಕೂತಿರುತ್ತೀರಿ. ತಿರುವು ನಿಮ್ಮ ಪಕ್ಕಕ್ಕೆ ಬಂದಾಗ ಸ್ಟೇರಿಂಗ್ ತಿರುಗಿಸಿದರೆ ಬೇಗ ಆಯಿತು ಅಂತಲೇ ಅರ್ಥ. ಹಿಂದಿನ ಟ್ರೈಲರ್ ಮೂಲೆ ಹತ್ತುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋಗಬೇಕು, ನಿಮ್ಮ ದೇಹ ರಸ್ತೆಯ ಆಚೆ ಅಂಚಿನ ಮೇಲೆ ತೇಲಿದ ಹಾಗೆ ಆಗಬೇಕು, ಆಗ ತಿರುಗಿಸಬೇಕು. ಮೂತಿ ಲಾರಿಯಲ್ಲಿ ಕಲಿತವರಿಗೆ ಇದು ಭಯ ಹುಟ್ಟಿಸುತ್ತದೆ. ನನಗೆ ಮೈಗೂಡಲು ಎರಡು ವಾರ ಹಿಡಿಯಿತು.

ಮೈಗೆ ಆರಾಮ ಯಾವುದು ಅಂದರೆ, ನನ್ನ ಕಾಲದ ಗಾಡಿಗಳಲ್ಲಿ ಉದ್ದ ಮೂತಿಯದೇ. ಅನುಮಾನವೇ ಇಲ್ಲ. ಅದರಲ್ಲಿ ಎರಡು ಆಕ್ಸಲ್‌ಗಳ ಮಧ್ಯೆ ಕೂರುತ್ತೇವೆ. ಗುಂಡಿ ಬಂದರೆ ಮೂತಿ ಏಳುತ್ತದೆ, ನಮಗೆ ಅರ್ಧ ಪೆಟ್ಟು. ಚಪ್ಪಟೆ ಮುಖದ್ದರಲ್ಲಿ ಚಕ್ರದ ಪೆಟ್ಟು ನೇರ ಬೆನ್ನುಹುರಿಗೆ. ಪಕ್ಕದಲ್ಲೇ ಎಂಜಿನ್ನಿನ ಮುಚ್ಚಳ. ಒಳಗಿನ ಆ ದಿಬ್ಬಕ್ಕೂ ನಾವು ಬಾನೆಟ್ ಅಂತಲೇ ಹೇಳುವುದು. ಬೇಸಿಗೆಯಲ್ಲಿ ಅದರ ಮೇಲೆ ಕೈ ಇಡೋಕೆ ಆಗುತ್ತಿರಲಿಲ್ಲ. ಎಡಗಾಲಿನ ಚರ್ಮ ಒಣಗಿ ಬಿರಿಯುತ್ತಿತ್ತು. ರಾತ್ರಿ ಗಾಡಿ ನಿಲ್ಲಿಸಿ ಮಲಗಿದರೆ ಕೆಳಗಿನ ಕಾವು ಹಾಸಿಗೆಗೆ ಏರುತ್ತಿತ್ತು. ಶಬ್ದದ ಬಗ್ಗೆ ಹೇಳುವುದೇ ಬೇಡ, ಈಗಲೂ ನನಗೆ ಒಂದು ಕಿವಿ ಮಂದ. ಇದನ್ನು ಸರಿ ಮಾಡಲು ಬರುತ್ತದೆ, ಮಾಡಿಯೂ ಇದ್ದಾರೆ. 1990ರಲ್ಲಿ ಬಂದ ರೆನೋ ಮ್ಯಾಗ್ನಮ್ ಲಾರಿಯಲ್ಲಿ ಕ್ಯಾಬಿನ್ನನ್ನು ಎಂಜಿನ್ನಿಗಿಂತ ಪೂರ್ತಿ ಮೇಲೆ ಎತ್ತಿ, ನೆಲವನ್ನು ಸಮತಟ್ಟು ಮಾಡಿದರು. ಒಳಗೆ ದಿಬ್ಬವೇ ಇಲ್ಲ. ಈಗ ಕ್ಯಾಬಿನ್ನಿನ ನಾಲ್ಕೂ ಮೂಲೆಗೆ ಪೆಟ್ಟು ತಡೆಯುವ ಗಾಳಿಯ ಬೆಲ್ಲೋಸ್ (ಗಾಳಿ ತುಂಬಿದ ರಬ್ಬರ್ ಚೀಲ) ಬಂದಿದೆ, ಸೀಟಿಗೂ ಬಂದಿದೆ. ಹೊಸ ಗಾಡಿ ಓಡಿಸುವ ಹುಡುಗರಿಗೆ ನಮ್ಮ ಬೆನ್ನು ನೋವಿನ ಕಥೆ ಅರ್ಥವೇ ಆಗುವುದಿಲ್ಲ. ಆದರೆ ಹತ್ತಿ ಇಳಿಯುವ ಕಷ್ಟ ಹಾಗೇ ಉಳಿದಿದೆ. ಮೂರು ನಾಲ್ಕು ಮೆಟ್ಟಿಲು, ದಿನಕ್ಕೆ ಮೂವತ್ತು ಸಲ. ಎರಡು ಕೈ ಒಂದು ಕಾಲು, ಇಲ್ಲಾ ಎರಡು ಕಾಲು ಒಂದು ಕೈ ಯಾವಾಗಲೂ ಗಾಡಿಗೆ ತಾಗಿರಬೇಕು ಅಂತ ನಾನು ಬಾಯಿ ನೋಯುವಷ್ಟು ಹೇಳುತ್ತೇನೆ. ಮುಖ ಗಾಡಿ ಕಡೆ ಮಾಡಿ ಇಳಿಯಿರಿ ಅನ್ನುತ್ತೇನೆ. ಆದರೂ ಹಾರುತ್ತಾರೆ. ಅವರ ಮೊಣಕಾಲಿಗೆ ನಲವತ್ತು ದಾಟಿದ ಮೇಲೆ ಗೊತ್ತಾಗುತ್ತದೆ.

ರಿಪೇರಿ ಬಗ್ಗೆ ಲೇಖಕರು ಒಂದೇ ಸಾಲು ಬರೆದಿದ್ದಾರೆ, ಮೂತಿ ಎತ್ತಿದರೆ ಎಂಜಿನ್ ಕೈಗೆ ಸಿಗುತ್ತದೆ ಅಂತ. ಅರ್ಧ ನಿಜ. ದಿನದ ಕೆಲಸಕ್ಕೆ, ಆಯಿಲ್ ನೋಡಲು, ಬೆಲ್ಟ್ ನೋಡಲು ಅದು ಸುಲಭ. ಮೂತಿ ಮುಂದಕ್ಕೆ ಬಗ್ಗಿಸಿ ಚಕ್ರದ ಪಕ್ಕ ನಿಂತು ಕೆಲಸ ಮಾಡಬಹುದು. ಆದರೆ ಎಂಜಿನ್ನಿನ ಹಿಂಭಾಗ ಕ್ಯಾಬಿನ್ನಿನ ಕೆಳಗೆ ಹುದುಗಿರುತ್ತದೆ. ಐದನೇ, ಆರನೇ ಸಿಲಿಂಡರಿನ ಕೆಲಸ ಬಂದರೆ ಮೆಕ್ಯಾನಿಕ್ ಹೊಟ್ಟೆ ಮೇಲೆ ಮಲಗಿ ಕತ್ತಲಲ್ಲಿ ಕೈಯಾಡಿಸಬೇಕು. ಚಪ್ಪಟೆ ಮುಖದ್ದಕ್ಕೆ ಕ್ಯಾಬಿನ್ನನ್ನೇ ಎತ್ತಬೇಕು. ಎತ್ತಿದ ಮೇಲೆ ಇಡೀ ಎಂಜಿನ್, ಗೇರ್ ಬಾಕ್ಸಿನವರೆಗೂ ಬಯಲಾಗುತ್ತದೆ.

ಆದರೆ ಎತ್ತುವುದು ಹುಡುಗಾಟ ಅಲ್ಲ. ನನ್ನ ಎಡಗೈ ಉಂಗುರ ಬೆರಳಿನ ತುದಿ ಇಲ್ಲ. ಚಪ್ಪಟೆ ಮುಖದ ಗಾಡಿಗೆ ಬಂದ ಎರಡನೇ ವರ್ಷ ಹೋಯಿತು. ಹಳೆಯ ಗಾಡಿ, ಸ್ಪ್ರಿಂಗ್ ಬಲದಲ್ಲಿ ಕೈಯಿಂದಲೇ ಕ್ಯಾಬಿನ್ ಎತ್ತುವಂಥದ್ದು. ಎತ್ತಿದ ಮೇಲೆ ಒಂದು ಆಸರೆ ಸರಳು ತಾನಾಗೇ ಕೂತು ಲಾಕ್ ಆಗಬೇಕು. ಟಕ್ ಅಂತ ಸದ್ದು ಬರಬೇಕು. ಮಳೆ ಬರುತ್ತಿತ್ತು, ಡೀಸೆಲ್ ಪೈಪು ಸೋರುತ್ತಿತ್ತು, ನಾನು ಅವಸರದಲ್ಲಿದ್ದೆ. ಟಕ್ ಅಂದಿತು ಅಂದುಕೊಂಡು ಕೈ ಹಾಕಿದೆ. ಅಂದಿರಲಿಲ್ಲ. ಕ್ಯಾಬಿನ್ ಒಂದು ಗೇಣು ಇಳಿಯಿತು ಅಷ್ಟೇ. ಜೊತೆಯಲ್ಲಿದ್ದ ಕ್ಲೀನರ್ ಹುಡುಗ ಹೆಗಲು ಕೊಟ್ಟು ತಡೆಯದಿದ್ದರೆ ಕೈಯೇ ಹೋಗುತ್ತಿತ್ತು. ಈಗಿನ ಗಾಡಿಗಳಲ್ಲಿ ಹೈಡ್ರಾಲಿಕ್ ಪಂಪು ಇದೆ, ಕ್ಯಾಬಿನ್ ಹಾಗೆ ಬೀಳುವುದಿಲ್ಲ. ಆದರೂ ನಾನು ಕಲಿಸುವಾಗ ಈ ಬೆರಳು ತೋರಿಸಿಯೇ ಶುರು ಮಾಡುತ್ತೇನೆ. ಗೇರ್ ನ್ಯೂಟ್ರಲ್, ಕೈ ಬ್ರೇಕು, ಬಾಗಿಲು ಮುಚ್ಚಿ, ಡ್ಯಾಶ್ ಮೇಲಿನ ಸಾಮಾನು ಕೆಳಗಿಳಿಸಿ, ಮುಂದೆ ಯಾರೂ ಇಲ್ಲ ಅಂತ ನೋಡಿ, ಆಮೇಲೆ ಪಂಪಿಗೆ ಕೈ. ಅರ್ಧ ದಾರಿ ಕ್ಯಾಬಿನ್ನನ್ನು ನಾವು ಎತ್ತುತ್ತೇವೆ. ತೂಕ ಮುಂದಕ್ಕೆ ವಾಲಿದ ಮೇಲೆ ಅದು ತಾನೇ ಹೋಗುತ್ತದೆ. ಒಬ್ಬ ಹುಡುಗ ಹಿಂದಿನ ಹಾಸಿಗೆ ಮೇಲೆ ಟೂಲ್ ಬಾಕ್ಸ್ ಬಿಟ್ಟಿದ್ದ. ಅದು ಜಾರಿ ಬಂದು ಮುಂದಿನ ಗಾಜನ್ನು ಒಡೆದು ನೆಲಕ್ಕೆ ಬಿತ್ತು. ಗಾಜಿನ ಮುಂದೆ ಆಗ ಯಾರೂ ನಿಂತಿರಲಿಲ್ಲ.

ಗಾಳಿಯ ತಡೆ, ಡೀಸೆಲ್ ಉಳಿತಾಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಳಿಜಾರು ಮೂತಿ ಗಾಳಿಯನ್ನು ಚೆನ್ನಾಗಿ ಸೀಳುತ್ತದೆ, ನಿಜ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. ಗಂಟೆಗೆ 90 ಕಿ.ಮೀ.ನಿಂದ 110ಕ್ಕೆ ಹೋದರೆ ತಡೆ ಸುಮಾರು ಒಂದೂವರೆ ಪಟ್ಟು. ಯುರೋಪಿನಲ್ಲಿ ಲಾರಿಗಳಿಗೆ 90ರ ಮೇಲೆ ಹೋಗದ ಹಾಗೆ ಕಡಿವಾಣ ಇದೆ. ಅಮೆರಿಕದ ಹೆದ್ದಾರಿಯಲ್ಲಿ ನೂರು ದಾಟಿ ಓಡುತ್ತವೆ. ಹಾಗಾಗಿ ಅಲ್ಲಿನ ಉಳಿತಾಯದ ಲೆಕ್ಕವನ್ನು ನಿಧಾನ ಓಡುವ ಕಡೆ ತಂದು ಹಚ್ಚಬಾರದು.

ಇಷ್ಟೆಲ್ಲ ಬರೆದಿದ್ದು ಯಾಕೆ ಅಂದರೆ ದಾರಿ ಇದೆ ಅಂತ ಹೇಳಲು. ಚಾಲಕನ ಜಾಗವನ್ನೂ ಸರಕಿನ ಜಾಗವನ್ನೂ ಒಂದೇ ಪಟ್ಟಿಯಲ್ಲಿ ಅಳೆಯುವವರೆಗೆ ಚಾಲಕನಿಗೆ ಸೋಲು. ಯಾಕೆಂದರೆ ಸರಕು ಬಾಡಿಗೆ ತರುತ್ತದೆ, ಚಾಲಕನ ಮೊಣಕಾಲು ತರುವುದಿಲ್ಲ. ಹಾಗಂತ ಅಮೆರಿಕದ ಹಾಗೆ ಮುಂದಿನ ಭಾಗಕ್ಕೆ ಲೆಕ್ಕವೇ ಇಲ್ಲ ಅಂದರೆ ಮೂತಿ ಬೆಳೆಯುತ್ತಾ ಹೋಗಿ ಮುಂದಿನ ನೆಲ ಮಾಯ ಆಗುತ್ತದೆ. ಯುರೋಪಿನವರು 2015ರಲ್ಲಿ ತಮ್ಮ ನಿಯಮ ತಿದ್ದಿದರು. ಕ್ಯಾಬಿನ್ನನ್ನು ಹಳೆಯ ಮಿತಿಗಿಂತ ಉದ್ದ ಮಾಡಬಹುದು, ಆದರೆ ಅದರಿಂದ ಗಾಳಿಯ ತಡೆ ಕಡಿಮೆ ಆಗಬೇಕು, ಚಾಲಕನ ನೋಟ, ಸುರಕ್ಷತೆ, ಆರಾಮ ಹೆಚ್ಚಬೇಕು, ಸರಕಿನ ಜಾಗ ಮಾತ್ರ ಹೆಚ್ಚಬಾರದು ಅಂತ. ಐದು ವರ್ಷ ಬಿಟ್ಟು ಅದು ಜಾರಿಗೆ ಬಂತು. 2021ರಲ್ಲಿ ಡಾಫ್ ಕಂಪನಿ ಮುಂಭಾಗವನ್ನು 160 ಮಿಲಿಮೀಟರ್ ಉದ್ದ ಮಾಡಿದ ಹೊಸ ಲಾರಿ ತಂದಿತು. ಚಾಲಕನಿಂದ ಆಚೆ ಕಡೆಯ ಬಾಗಿಲಿನ ಕೆಳಭಾಗದಲ್ಲಿ ಬೇಕಾದವರಿಗೆ ಒಂದು ಕಿಟಕಿಯನ್ನೂ ಕೊಟ್ಟಿತು. ಪಕ್ಕದಲ್ಲಿ ಸೈಕಲ್ ಹಿಡಿದು ನಿಂತವನು ಅದರಲ್ಲಿ ನೇರವಾಗಿ ಕಾಣುತ್ತಾನೆ. 160 ಮಿಲಿಮೀಟರ್ ಅಂದರೆ ಒಂದು ಗೇಣೂ ಇಲ್ಲ. ಅಷ್ಟಕ್ಕೇ ಮುಖ ದುಂಡಗಾಯಿತು.

ಈಗ ಬ್ಯಾಟರಿ ಲಾರಿಗಳು ಬರುತ್ತಿವೆ. ಅವುಗಳಿಗೆ ಸೀಟಿನ ಕೆಳಗೋ ಮುಂದೋ ದೊಡ್ಡ ಎಂಜಿನ್ ಬೇಕಾಗಿಲ್ಲ. ಮೂತಿ ಇಡಬೇಕಾ ಬೇಡವಾ, ಚಾಲಕನನ್ನು ಎಷ್ಟು ಎತ್ತರಕ್ಕೆ ಕೂರಿಸಬೇಕು ಅನ್ನೋದನ್ನು ಹೊಸದಾಗಿ ಯೋಚಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಆದರೂ ಹಲವರು ಹಳೆಯ ಕ್ಯಾಬಿನ್ನಿನ ಕೆಳಗೇ ಮೋಟಾರು ತುಂಬಿಸಿ ಮಾರುತ್ತಿದ್ದಾರೆ. ನನಗೆ ಇದು ನಿಜವಾಗಿಯೂ ಸಂಕಟ ಆಗುತ್ತದೆ. ಎಂಜಿನ್ನೇ ಹೋದ ಮೇಲೂ ಎಂಜಿನ್ನಿನ ಜಾಗದ ಮೇಲೆ ಯಾಕೆ ಹತ್ತಿ ಕೂರಬೇಕು?

ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಲಾರಿ ಅಪಘಾತದ ಸುದ್ದಿ ಬರೆಯುವಾಗ ‘ಚಾಲಕನ ನಿರ್ಲಕ್ಷ್ಯ’ ಅಂತ ಎರಡು ಪದದಲ್ಲಿ ಮುಗಿಸಬೇಡಿ. ಗಾಡಿ ಯಾವ ಬಗೆಯದು, ಸತ್ತವರು ಗಾಡಿಯ ಯಾವ ಭಾಗದಲ್ಲಿ ಇದ್ದರು, ಸೀಟಿನಿಂದ ಆ ಜಾಗ ಕಾಣುತ್ತಿತ್ತಾ ಅಂತ ಕೇಳಿ ಬರೆಯಿರಿ. ನಿರ್ಲಕ್ಷ್ಯ ಇದ್ದರೆ ಅದನ್ನೂ ಬರೆಯಿರಿ, ನಾನು ಬೇಡ ಅನ್ನುವುದಿಲ್ಲ. ಹತ್ತು ಸುದ್ದಿಯಲ್ಲಿ ಹೀಗೆ ಬಂದರೆ ಗಾಡಿ ಮಾಡುವವರಿಗೂ ನಿಯಮ ಬರೆಯುವವರಿಗೂ ಉತ್ತರ ಕೊಡಲೇಬೇಕಾಗುತ್ತದೆ.

ಲೇಖನ ಬರೆದವರು ಒಮ್ಮೆ ನಮ್ಮ ಅಂಗಳಕ್ಕೆ ಬರಲಿ. ಬೆಳಿಗ್ಗೆ ಎಂಟಕ್ಕೆ ಹೊಸ ತಂಡ ಶುರುವಾಗುತ್ತದೆ. ಮೊದಲು ಉದ್ದ ಮೂತಿಯ ಲಾರಿ ಹತ್ತಲಿ, ಆಮೇಲೆ ಚಪ್ಪಟೆ ಮುಖದ್ದು. ಬಕೆಟ್ ನಾನೇ ಹಿಡಿದು ನಿಲ್ಲುತ್ತೇನೆ. ಕಂಡ ಕೂಡಲೇ ಕೂಗಿ ಹೇಳಲಿ.

ಇಂತಿ,
ಲಾರಿ ಚಾಲಕ, ಈಗ ಭಾರಿ ವಾಹನ ತರಬೇತುದಾರ